ಕಲ್ಲುಗಂಡನ ಕತೆಗೆ ಹೂಂ ಅನ್ನದವಳು

ನಮ್ಮ ಮನೆಯಲ್ಲಿ ಕತೆ ಹೇಳುವವರಿಗಿಂತ ಹೂಂ ಅನ್ನುವವರ ಮೇಲೆ ಜವಾಬ್ದಾರಿ ಹೆಚ್ಚು. ಕತೆ ಹೇಳುವುದು ಅಜ್ಜಿಯ ಕೆಲಸ. ಅದಕ್ಕೆ ಬೇಕಾದದ್ದು ಎಲೆ, ಒಂದು ಚೂರು ಅಡಿಕೆ, ಒರಗಿಕೊಳ್ಳಲು ನಡುಮನೆಯ ಕಂಬ, ಅಷ್ಟೆ. ಹೂಂ ಅನ್ನುವವರು ಮಾತ್ರ ಒಂದು ಗಳಿಗೆಯೂ ಮೈಮರೆಯುವಂತಿರಲಿಲ್ಲ. ಅಜ್ಜಿ ಒಂದು ಮಾತು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಈ ಕಡೆಯಿಂದ ಹೂಂ ಬರಬೇಕು. ಬರದಿದ್ದರೆ ಕತೆ ಅಲ್ಲೇ ನಿಂತಿತು. ಕುದುರೆ ಹತ್ತಲು ರಾಜಕುಮಾರ ಎತ್ತಿದ ಕಾಲು ಎತ್ತಿದ ಹಾಗೇ ಇರುತ್ತಿತ್ತು. ತೂಕಡಿಕೆಯ ಹೂಂ ಯಾವುದು, ಮನಸ್ಸನ್ನು ಬೇರೆಲ್ಲೋ ಬಿಟ್ಟು ಬಂದ ಹೂಂ ಯಾವುದು ಎಂದು ಅಜ್ಜಿಗೆ ಕಣ್ಣು ಮುಚ್ಚಿಕೊಂಡಿದ್ದರೂ ಗೊತ್ತಾಗುತ್ತಿತ್ತು. ನಮ್ಮಪ್ಪನನ್ನು ಆ ಕೆಲಸದಿಂದ ಎಂದೋ ತೆಗೆದುಹಾಕಿದ್ದಳು. ಅವ್ವ ಹೇಳುತ್ತಿದ್ದ ಹಾಗೆ ಅಪ್ಪ ಎಲ್ಲದಕ್ಕೂ ಹೂಂ ಅನ್ನುವವನು, ಕಿವಿಗೆ ಹಾಕಿಕೊಳ್ಳುವುದು ಮಾತ್ರ ಒಂದೂ ಇಲ್ಲ.

ಮದ್ದೂರಿನಿಂದ ಬರುವ ಬಸ್ಸಿನಿಂದ ಕೊಪ್ಪದಲ್ಲಿ ಇಳಿದು ಗದ್ದೆಯ ಬದುವಿನ ಮೇಲೆ ಸ್ವಲ್ಪ ದೂರ ನಡೆದರೆ ನಮ್ಮ ಮನೆ ಸಿಗುತ್ತಿತ್ತು. ಮುಂದೆ ಜಗಲಿ, ಒಳಗೆ ಉದ್ದನೆಯ ನಡುಮನೆ, ಒಂದು ಪಕ್ಕಕ್ಕೆ ಕೊಟ್ಟಿಗೆ, ಇನ್ನೊಂದು ಪಕ್ಕಕ್ಕೆ ಅಡುಗೆಮನೆ. ಗೋಡೆಗಳಿದ್ದವು, ಗುಟ್ಟುಗಳಿರಲಿಲ್ಲ. ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುವುದು ಅಡುಗೆಮನೆಗೆ ಕೇಳಿಸುತ್ತಿತ್ತು, ಅಡುಗೆಮನೆಯಲ್ಲಿ ಅವ್ವ ಗೊಣಗುವುದು ಜಗಲಿಗೆ ಕೇಳಿಸುತ್ತಿತ್ತು. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತು ಮುದ್ದೆ ಉಣ್ಣುತ್ತಿದ್ದೆವು, ಅಜ್ಜಿಯ ಕತೆಯೂ ಆಗಲೇ ಶುರುವಾಗುತ್ತಿತ್ತು. ಶುರುವಾದದ್ದನ್ನು ಅವತ್ತೇ ಮುಗಿಸಬೇಕು. ಕತೆಯನ್ನು ಅರ್ಧಕ್ಕೆ ಬಿಟ್ಟರೆ ದಾರಿಯಲ್ಲಿರುವವರು ದಾರಿ ತಪ್ಪುತ್ತಾರೆ ಎಂದು ಅಜ್ಜಿ ಹೇಳಿಬಿಟ್ಟಿದ್ದಳು. ಬೇರೆ ಮನೆಗಳಲ್ಲಿ ಈ ನಂಬಿಕೆ ಇತ್ತೋ ಇಲ್ಲವೋ ನಾನರಿಯೆ. ನಾನು ಹುಟ್ಟಾ ಅಂಜುಬುರುಕಿ. ಅಜ್ಜಿ ಬಾಯಿ ತೆರೆಯುವ ಮೊದಲು ಮನೆಯವರಲ್ಲಿ ಯಾರು ಯಾರು ಹೊರಗಿದ್ದಾರೆ ಎಂದು ಒಮ್ಮೆ ನೋಡಿಕೊಂಡು ಬರುತ್ತಿದ್ದೆ.

ಅಜ್ಜಿಯ ಕತೆಗಳಲ್ಲೆಲ್ಲ ದೊಡ್ಡದು ಕಲ್ಲುಗಂಡನ ಕತೆ. ಒಬ್ಬ ಹುಡುಗಿಯ ಗಂಡ ಧಾರೆ ಎರೆದ ದಿನವೇ ಯಾರದೋ ಶಾಪಕ್ಕೆ ಸಿಕ್ಕಿ ಕಲ್ಲಾಗುತ್ತಾನೆ. ಹುಡುಗಿ ಆ ಕಲ್ಲಿಗೆ ದಿನಾ ನೀರು ಹುಯ್ಯುತ್ತಾಳೆ, ಅನ್ನ ಬಡಿಸುತ್ತಾಳೆ, ಇವತ್ತು ಬಿಸಿಲು ಜಾಸ್ತಿ ಎಂದು ಸೆರಗಿನಿಂದ ಗಾಳಿ ಬೀಸುತ್ತಾಳೆ. ಕಲ್ಲು ಮಾತಾಡುವುದಿಲ್ಲ. ವರ್ಷಗಟ್ಟಲೆ ಹೀಗೇ ನಡೆದು, ಸಾಕಾಗಿ, ಒಂದು ದಿನ ತೌರಿನ ದಾರಿ ಹಿಡಿಯುತ್ತಾಳೆ. ತೌರಿನ ಬಾಗಿಲಲ್ಲಿ ಅವಳ ಅವ್ವ ಒಳಗೆ ಬಾ ಮಗಳೇ ಎಂದು ಕರೆಯುತ್ತಾಳೆ. ಹುಡುಗಿ ಹೊಸ್ತಿಲ ಮುಂದೆ ನಿಂತವಳು, ನಾನಿಲ್ಲದಿದ್ದರೆ ಕಲ್ಲಿಗೆ ನೀರು ಹುಯ್ಯುವವರು ಯಾರು ಅಂದುಕೊಂಡು ಹಾಗೇ ಹಿಂದಿರುಗುತ್ತಾಳೆ. ಅವಳು ಹೋಗಿ ಮುಟ್ಟಿದ್ದೇ ಕಲ್ಲು ಕಣ್ಣು ಬಿಡುತ್ತದೆ. ಅಲ್ಲಿಗೆ ಬಂದಾಗಲೆಲ್ಲ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಂಡಹೆಂಡಿರ ಪ್ರೀತಿ ಎಂದರೆ ಇದು ಎಂದು ನಾನೂ ನಂಬಿದ್ದೆ. ನನಗೆ ಗೊತ್ತಿದ್ದ ಪ್ರೀತಿಯ ಕತೆ ಅದೊಂದೇ.

ಈ ಕತೆಗೆ ಮೊದಲಿಂದ ಹೂಂ ಅಂದವಳು ನಮ್ಮ ಅತ್ತೆ, ಅಪ್ಪನ ತಂಗಿ ಸಣ್ಣತಾಯಮ್ಮ. ಅಜ್ಜಿಯ ಬಾಯಲ್ಲಿ ಸಣ್ಣಿ. ಅವಳ ಹೂಂಗಳಲ್ಲಿ ಜೀವವಿತ್ತು. ಹೆದರಿಕೆಯ ಜಾಗದಲ್ಲಿ ಒಂದು ಥರ, ನಗುವ ಜಾಗದಲ್ಲಿ ಇನ್ನೊಂದು ಥರ. ಅವಳನ್ನು ಮಳವಳ್ಳಿ ಕಡೆ ಕೊಟ್ಟ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಹೂಂ ಅಂದಾಗಲೆಲ್ಲ ಅಜ್ಜಿ ಸಣ್ಣಿ ಇದ್ದಿದ್ದರೆ ಅನ್ನುವ ಮುಖ ಮಾಡುತ್ತಿದ್ದಳು. ಅಂಥ ಅತ್ತೆ ಒಂದು ಅವರೆಕಾಯಿ ಕಾಲದಲ್ಲಿ, ನಾವೆಲ್ಲ ಜಗಲಿಯಲ್ಲಿ ಕೂತು ನೆನೆಸಿದ ಕಾಳು ಹಿಸುಕುತ್ತಿದ್ದಾಗ, ಒಂದು ಬಟ್ಟೆಯ ಚೀಲ ಹಿಡಿದು ಒಬ್ಬಳೇ ನಡೆದು ಬಂದಳು. ಯಾರೂ ಏನೂ ಕೇಳುವ ಮೊದಲೇ ಕೂತು ತಾನೂ ಕಾಳು ಹಿಸುಕತೊಡಗಿದಳು. ನನಗೆ ಅತ್ತೆ ಬಂದಳೆಂಬ ಖುಷಿ. ಆದರೆ ಅವ್ವನೂ ಅಜ್ಜಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಒಂದು ವಾರದ ಮೇಲೆ ಕಾರಣ ಹೊರಗೆ ಬಂತು. ಅತ್ತೆಯ ಗಂಡ ಅವಳ ಜೊತೆ ಮಾತಾಡುವುದಿಲ್ಲ. ಸಿಟ್ಟಿಲ್ಲ, ಜಗಳವಿಲ್ಲ, ಮದುವೆಯಾದಾಗಿನಿಂದಲೂ ಮಾತೇ ಇಲ್ಲ. ನೀರು ಬೇಕಾದರೆ ತಾಯಿಗೆ ಹೇಳುತ್ತಾನೆ, ತಾಯಿ ಇವಳಿಗೆ ಹೇಳುತ್ತಾಳೆ. ಇದನ್ನು ಕೇಳಿದ ನಮ್ಮ ಮನೆಯವರಿಗೆ ಏನು ಮಾಡಬೇಕೋ ತೋಚಲಿಲ್ಲ. ಕುಡಿಯುತ್ತಾನೆ, ಹೊಡೆಯುತ್ತಾನೆ ಅಂದಿದ್ದರೆ ನಾಲ್ಕು ಜನರನ್ನು ಸೇರಿಸಿ ಕೇಳಬಹುದಿತ್ತು. ಮಾತಾಡುವುದಿಲ್ಲ ಎಂದು ಯಾವ ನ್ಯಾಯ ಸೇರಿಸುವುದು ಎಂದು ಅಪ್ಪ ತಲೆ ಕೆರೆದುಕೊಂಡ. ಅಜ್ಜಿ ಖಡಾಖಂಡಿತವಾಗಿ ಹೇಳಿದಳು.

“ಕುಡಿಯಾಕಿಲ್ಲ, ಒಡೆಯಾಕಿಲ್ಲ. ಇನ್ನೇನಮ್ಮಿ ನಿಂಗೆ ರೋಗ? ಗಂಡಸ್ರು ಮಾತು ಕಮ್ಮಿ ಕಣೇಳು.”

“ಕಮ್ಮಿ ಅಲ್ಲ ಕಣವ್ವ, ಇಲ್ಲ,” ಅಂದಳು ಅತ್ತೆ. “ನಾನೇನೇ ಏಳಿದ್ರೂ ಒಂದು ಊಂ ಅನ್ನಾಕಿಲ್ಲ.”

ಅವಳು ಹೇಳುವುದು ನಿಜವೆಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಅಜ್ಜಿ ಹರಕೆ ತೀರಿಸಲೆಂದು ಮಗಳು ಅಳಿಯನನ್ನೂ ನಮ್ಮನ್ನೂ ಮುತ್ತತ್ತಿಗೆ ಕರೆದುಕೊಂಡು ಹೋಗಿದ್ದಳು. ಆಂಜನೇಯನಿಗೆ ಪೂಜೆ ಮಾಡಿಸಿ, ಹೊಳೆ ದಂಡೆಯಲ್ಲಿ ಕಲ್ಲು ಹೂಡಿ ಅಡುಗೆ ಮಾಡಿದ್ದೆವು. ಅವತ್ತೆಲ್ಲ ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ. ಮೀನು ತೋರಿಸಿದ, ಹರಿಗೋಲಿನವನ ಜೊತೆ ತಮಾಷೆ ಮಾಡಿದ, ಅಪ್ಪನ ಜೊತೆ ಕಬ್ಬಿನ ವಿಚಾರ ಮಾತಾಡಿದ. ಇಷ್ಟು ಚೆನ್ನಾಗಿ ಮಾತಾಡುವ ಮಾವ ಸಿಕ್ಕಿದ್ದಕ್ಕೆ ನನಗೆ ಹೆಮ್ಮೆ. ಉಣ್ಣಲು ಕೂತಾಗ ಅತ್ತೆ ಸಾರಿನ ಸೌಟು ಹಿಡಿದುಕೊಂಡು ಉಪ್ಪು ಸರಿಯಾಗಿದೆಯಾ ಎಂದು ಅವನನ್ನು ಕೇಳಿದಳು. ಮಾವ ನನ್ನ ಕಡೆ ತಿರುಗಿ, ಸರಿಯಾಗಿದೆ ಅಂತ ನಿಮ್ಮತ್ತೆಗೆ ಹೇಳು ಅಂದ. ನಾನು ಆಟವೆಂದುಕೊಂಡು ಕುಣಿಯುತ್ತಾ ಹೇಳಿದೆ. ಅತ್ತೆಯ ಕೈಯಲ್ಲಿದ್ದ ಸೌಟಿನಿಂದ ಸಾರು ಮರಳಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವನಿಗೆ ಏನಾಗಿತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ.

ದಿನಗಳು ಹೋದ ಹಾಗೆ ಮನೆಯೊಳಗೆ ಉಸಿರು ಬಿಗಿಯಾಯಿತು. ಊರಿನವರು ಬಂದಾಗ ಅಜ್ಜಿ, ಮಗಳು ಅವರೆಕಾಯಿ ತಿನ್ನಲು ಬಂದಿದ್ದಾಳೆ ಅನ್ನುತ್ತಿದ್ದಳು. ಅವರೆಕಾಯಿ ಮುಗಿದ ಮೇಲೆ ಏನು ಹೇಳುವುದೆಂದು ನನಗೇ ಚಿಂತೆ ಹತ್ತಿತ್ತು. ಅಪ್ಪ ಅವ್ವ ಕೊಟ್ಟಿಗೆಯಲ್ಲಿ ಪಿಸುಗುಟ್ಟುತ್ತಿದ್ದರು. ಇನ್ನೂ ಎಷ್ಟು ದಿನ ಎಂದು ಅಪ್ಪ, ಅವಳು ಉಣ್ಣುವ ಒಂದು ಮುದ್ದೆ ನಿಮಗೆ ಭಾರವಾ ಎಂದು ಅವ್ವ, ಮುದ್ದೆಯ ಮಾತಲ್ಲ ಎಂದು ಮತ್ತೆ ಅಪ್ಪ. ಅತ್ತೆ ಕೆಲಸದ ಮೇಲೆ ಕೆಲಸ ಎಳೆದುಕೊಳ್ಳುತ್ತಿದ್ದಳು. ಹಾಲು ಕರೆದು, ಸಗಣಿ ಬಾಚಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಹೂಂ ಅನ್ನುವ ಕೆಲಸ ಮಾತ್ರ ಅವಳು ಕೇಳಲಿಲ್ಲ, ಅದು ನನ್ನಲ್ಲೇ ಉಳಿಯಿತು.

ಕೊನೆಗೆ ಒಂದು ಬೆಳಿಗ್ಗೆ ಅಪ್ಪ ಮಾತಾಡಿ ಬರುತ್ತೇನೆಂದು ಮಳವಳ್ಳಿಗೆ ಹೊರಟ. ಸಂಜೆ ಬಸ್ಸಿಗೆ ಬರಬೇಕಾದವನು ಬರಲಿಲ್ಲ. ನಾವು ಊಟಕ್ಕೆ ಕೂತೆವು. ಅವತ್ತು ಅಜ್ಜಿ ಬೇಕೆಂದೇ ಕಲ್ಲುಗಂಡನ ಕತೆ ಎತ್ತಿದಳು. ನಾನು ಹೂಂಗೆ ಸಿದ್ಧಳಾಗುತ್ತಿದ್ದಂತೆ, ನೀನಲ್ಲ, ಇವತ್ತು ಸಣ್ಣಿ ಅನ್ನಲಿ ಅಂದಳು. ಅಪ್ಪ ದಾರಿಯಲ್ಲಿದ್ದಾನೆ, ಕತೆ ಬೇಡ ಅನ್ನಬೇಕೆಂದುಕೊಂಡೆ, ಧೈರ್ಯ ಸಾಲಲಿಲ್ಲ. ಅತ್ತೆ ತಟ್ಟೆಯ ಮೇಲೆ ಬಗ್ಗಿಕೊಂಡು ಹೂಂ ಅನ್ನತೊಡಗಿದಳು. ನೀರು ಹುಯ್ದದ್ದಕ್ಕೆ ಹೂಂ, ಅನ್ನ ಬಡಿಸಿದ್ದಕ್ಕೆ ಹೂಂ, ಗಾಳಿ ಬೀಸಿದ್ದಕ್ಕೂ ಹೂಂ. ಎಲ್ಲವೂ ಒಂದೇ ಥರ, ಅಪ್ಪನ ಹೂಂಗಳ ಹಾಗೆ. ಹುಡುಗಿ ತೌರಿನ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾ ಮಗಳೇ ಅಂದಳು ಅವಳ ಅವ್ವ. ನಾನಿಲ್ಲದಿದ್ದರೆ ಕಲ್ಲಿಗೆ ನೀರು ಹುಯ್ಯುವವರು ಯಾರು ಅಂದುಕೊಂಡಳು ಹುಡುಗಿ. ಅಜ್ಜಿ ಉಸಿರು ತೆಗೆದುಕೊಂಡಳು. ಹೂಂ ಬರಲಿಲ್ಲ.

“ಊಂ ಅನ್ನಮ್ಮಿ.”

ಅತ್ತೆ ತಲೆ ಎತ್ತಲಿಲ್ಲ.

“ದಾರೀಲಿ ನಿಮ್ಮಣ್ಣ ಅವ್ನೆ. ಅರ್ಧಕ್ಕೆ ಬುಡಬಾರ್ದು. ಅನ್ನು.”

“ಅವ್ಳು ಬಾಗಿಲಿಂದ ತಿರುಗೋದಕ್ಕೆ ನಾನು ಊಂ ಅನ್ನಾಕಿಲ್ಲ ಕಣವ್ವ,” ಅಂದಳು ಅತ್ತೆ. “ಕತೆ ಬೇರೆ ಮಾಡು, ಅಂತೀನಿ.”

ಬೇರೆ ಮಾಡಲು ಅದು ತನ್ನ ಕತೆಯಲ್ಲ, ತನ್ನ ಅವ್ವ ಹೇಳಿದ್ದು, ಅವಳ ಅವ್ವ ಅವಳಿಗೆ ಹೇಳಿದ್ದು ಎಂದು ಅಜ್ಜಿ ರೇಗಿದಳು. ಅತ್ತೆ ಎದ್ದು ಕೈ ತೊಳೆಯಲು ಹೋದಳು. ಈಗ ಅಜ್ಜಿ ನನ್ನ ಕಡೆ ತಿರುಗಿದಳು. ನನ್ನ ಲೆಕ್ಕ ಸರಳವಾಗಿತ್ತು. ನಾನು ಹೂಂ ಅಂದರೆ ಕತೆ ಮುಂದೆ ಹೋಗುತ್ತದೆ, ಅಪ್ಪ ಮನೆ ಸೇರುತ್ತಾನೆ. ಆದರೆ ಕತೆಯ ಹುಡುಗಿ ಕಲ್ಲಿನ ಹತ್ತಿರ ಹೋಗುತ್ತಾಳೆ, ಅವಳ ಹಿಂದೆ ಅತ್ತೆಯೂ ಹೋಗುತ್ತಾಳೆ. ಅನ್ನದಿದ್ದರೆ ಅತ್ತೆ ಉಳಿಯುತ್ತಾಳೆ, ಅಪ್ಪ ದಾರಿ ತಪ್ಪುತ್ತಾನೆ. ಬಾಯಲ್ಲಿ ತುತ್ತಿದ್ದರೆ ಹೂಂ ಅನ್ನಬೇಕಾಗಿಲ್ಲವೆಂದು ಒಂದು ತುತ್ತು ಮುದ್ದೆ ಬಾಯಿಗಿಟ್ಟು ನುಂಗದೆ ಕೂತೆ. ಮುದ್ದೆಯನ್ನು ನುಂಗದೆ ಇಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕಣ್ಣಲ್ಲಿ ನೀರು ಬಂತು. ಅಜ್ಜಿ ಕಾದು ಕಾದು ಎದ್ದು ಹೋದಳು. ನಾನು ಜಗಲಿಗೆ ಓಡಿ ಬದುವಿನ ಕಡೆ ಕಣ್ಣು ನೆಟ್ಟು ನಿಂತೆ. ಶಿಂಷಾ ಹೊಳೆಯ ಸೇತುವೆ, ಮದ್ದೂರಿನ ಬಸ್‌ಸ್ಟ್ಯಾಂಡು, ಕಬ್ಬಿನ ಗದ್ದೆಗಳು, ಅಪ್ಪ ತಪ್ಪಿಸಿಕೊಳ್ಳಬಹುದಾದ ಜಾಗಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವನ ಕೆಮ್ಮು ಕೇಳಿಸಿದಾಗ ನನಗೆ ಅಳು ಬಂದುಬಿಟ್ಟಿತು. ಮದ್ದೂರು ದಾಟಿದ ಮೇಲೆ ಬಸ್ಸು ಕೆಟ್ಟು ನಿಂತು ನಡೆದೇ ಬಂದೆನೆಂದ. ಸೋಮವಾರ ಮಳವಳ್ಳಿಯವರು ಬಂದು ಅತ್ತೆಯನ್ನು ಕರೆದುಕೊಂಡು ಹೋಗುತ್ತಾರೆ, ತಾನು ಹೂಂ ಅಂದು ಬಂದಿದ್ದೇನೆ ಎಂದೂ ಹೇಳಿದ.

ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಮುಂದೆ ನಾನು ಹೊಟ್ಟೆಪಾಡಿಗೆ ಟಿವಿ ಧಾರಾವಾಹಿಗಳ ಮಾತು ಬರೆಯುವವಳಾದೆ. ಗಂಡಹೆಂಡಿರನ್ನು ಕೂಡಿಸುವುದು, ಅಗಲಿಸುವುದು, ಮತ್ತೆ ಕೂಡಿಸುವುದೇ ನನ್ನ ಕಸುಬು. ನಾನು ಶುರು ಮಾಡಿದಾಗ ಹೆಂಡತಿ ಎಷ್ಟು ಸಹಿಸಿದರೂ ಸಾಲದು, ಇನ್ನೂ ಸ್ವಲ್ಪ ಅಳಿಸಿ ಅನ್ನುತ್ತಿದ್ದರು. ಅದು ಕಲ್ಲುಗಂಡನ ಕತೆಯೇ, ಸೀರೆ ಮಾತ್ರ ರೇಷ್ಮೆಯದು. ನಡುವೆ ಕೆಲವು ವರ್ಷ ಗಂಡ ಕೈಯಲ್ಲಿ ಹೂ ಹಿಡಿದು ಕ್ಷಮೆ ಕೇಳಬೇಕಾಯಿತು. ಈಗ ಮೀಟಿಂಗಿನಲ್ಲಿ ಕೂರುವ ಮಕ್ಕಳು ಮೊದಲ ವಾರವೇ ಅವಳು ಸೂಟ್‌ಕೇಸ್ ಹಿಡಿದು ಹೊರಟುಬಿಡಲಿ ಮೇಡಂ ಅನ್ನುತ್ತಾರೆ. ಹೊರಡಲಿ, ನನಗೂ ಸಂತೋಷವೇ. ಆದರೆ ಅವಳು ಎಲ್ಲಿಗೆ ಹೋಗುತ್ತಾಳೆ, ಆ ಮನೆಯ ಬಾಗಿಲಲ್ಲಿ ಯಾರಿರುತ್ತಾರೆ ಎಂದು ಕೇಳಿದರೆ ಅದನ್ನು ಮುಂದಿನ ವಾರ ನೋಡೋಣ ಅನ್ನುತ್ತಾರೆ. ಇನ್ನೊಂದನ್ನೂ ಕೇಳುತ್ತೇನೆ: ಅವಳು ಮಾತಾಡುವಾಗ ಅವನು ಹೂಂ ಅನ್ನುತ್ತಾನಾ? ನಗುತ್ತಾರೆ. ನನಗೆ ನಗು ಬರುವುದಿಲ್ಲ. ಇವತ್ತಿಗೂ ಒಂದು ಹೆಣ್ಣನ್ನು ಹೊಸ್ತಿಲ ಮುಂದೆ ನಿಲ್ಲಿಸಿ ಬರೆಯುವಾಗ ಮನೆಯವರೆಲ್ಲ ಬಂದರೇ ಎಂದು ಎದ್ದು ನೋಡುತ್ತೇನೆ.

ಸೋಮವಾರ ಬಂತು. ಅತ್ತೆಯ ಬಟ್ಟೆಯ ಚೀಲ ಜಗಲಿಯಲ್ಲಿ ಕೂತಿತ್ತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅವಳ ಮಡಿಲಿಗೆ ಅಕ್ಕಿ ತುಂಬಬೇಕು. ಅಜ್ಜಿ ಮೊರದಲ್ಲಿ ಹೊಸ ಅಕ್ಕಿ, ಅದರ ಮೇಲೆ ತೆಂಗಿನಕಾಯಿ, ಬೆಲ್ಲದಚ್ಚು, ಎಲೆ ಅಡಿಕೆ, ರವಿಕೆ ಕಣ ಇಟ್ಟು ನಡುಮನೆಯ ಕಂಬದ ಪಕ್ಕ ಇರಿಸಿದ್ದಳು. ಮಾವನೂ ಅವನ ಅಣ್ಣ ಬೋರೇಗೌಡರೂ ಬಂದು ಚಾಪೆಯ ಮೇಲೆ ಕೂತರು. ಬೋರೇಗೌಡರು ಒಳ್ಳೆಯ ಮಾತುಗಾರ. ತಮ್ಮನ ಗುಣ, ಜಮೀನು, ಹಸುಗಳು, ಹೆಣ್ಣು ಮನೆಯಲ್ಲಿಲ್ಲದೆ ತಾಯಿ ಪಡುತ್ತಿರುವ ಪಾಡು, ಎಲ್ಲವನ್ನೂ ಹೇಳುತ್ತಾ ಹೋದರು. ಒಂದೊಂದು ಮಾತಿಗೂ ಅಪ್ಪ ಹೂಂ ಅನ್ನುತ್ತಿದ್ದ. ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ನಾನು ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದೆ. ಬಿಟ್ಟರೆ ಹೋಗಿಬಿಡುತ್ತಾಳೆಂಬ ಭಯ.

ಬೋರೇಗೌಡರು ಮಾತು ಮುಗಿಸಿ ಅಜ್ಜಿಯ ಮುಖ ನೋಡಿದರು. ಅವಳು ಒಂದು ಹೂಂ ಅಂದಿದ್ದರೆ ಆಗಿಹೋಗಿತ್ತು. ಅಜ್ಜಿ ಅನ್ನಲಿಲ್ಲ. ಎಲೆ ಮಡಿಚುತ್ತಾ ಕೂತಿದ್ದಳು. ಅವರು ಕೆಮ್ಮಿದರು, ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿದರು. ಅದಕ್ಕೂ ಬರಲಿಲ್ಲ. ಹೂಂ ಇಲ್ಲದೆ ಅವರ ಮಾತು ಮುಂದೆ ಹೋಗಲಾರದೆ ಅಲ್ಲೇ ನಿಂತುಬಿಟ್ಟಿತು. ಆಮೇಲೆ ಅಜ್ಜಿ ನೇರವಾಗಿ ಅಳಿಯನಿಗೆ ಹೇಳಿದಳು.

“ನಿಮ್ಮಣ್ಣ ಏಳಿದ್ದಾಯ್ತು. ನೀನೇ ಕರಿ ಕಣಪ್ಪ ನಿನ್ನೆಂಡ್ರನ್ನ. ಎಸರಿಡಿದು ಕರಿ, ಇಲ್ಲ ಲೇ ಅಂತ್ಲಾದ್ರೂ ಕರಿ. ಒಂದು ಮಾತು. ಈಗ್ಲೇ ಮಡ್ಲು ತುಂಬ್ತೀನಿ.”

ಮಾವ ಅಣ್ಣನ ಮುಖ ನೋಡಿದ. ಅಣ್ಣ ಕರಿಯೋ ಎಂಬಂತೆ ತಲೆಯಾಡಿಸಿದರು. ಮಾವನ ಹಣೆಯಲ್ಲಿ ಬೆವರು ಬಂದಿತ್ತು. ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅತ್ತೆಯ ಉಸಿರು ನಿಂತದ್ದು ಪಕ್ಕದಲ್ಲಿದ್ದ ನನಗೆ ಗೊತ್ತಾಯಿತು. ಅವಳು ಕೂಡ ಆ ಒಂದು ಮಾತು ಬರಲಿ ಎಂದೇ ಕಾಯುತ್ತಿದ್ದಳೆಂದು ನನಗೆ ಈಗಲೂ ಅನ್ನಿಸುತ್ತದೆ. ಮಾವನ ಕಣ್ಣು ಅವಳನ್ನು ದಾಟಿ ಕೆಳಗೆ ಇಳಿದು ನನ್ನ ಮೇಲೆ ನಿಂತಿತು.

“ಒರಡು ಅಂತ ನಿಮ್ಮತ್ತೆಗೆ ಏಳು, ಮಗ.”

ಎಲ್ಲರೂ ನನ್ನನ್ನೇ ನೋಡಿದರು. ಮುತ್ತತ್ತಿಯಲ್ಲಿ ಕುಣಿಯುತ್ತಾ ಹೇಳಿದ ಬಾಯಿ ಈಗ ತೆರೆಯಲಿಲ್ಲ. ಸೆರಗನ್ನು ಇನ್ನೊಂದು ಸುತ್ತು ಸುತ್ತಿಕೊಂಡೆ, ಅಷ್ಟೆ. ಅಜ್ಜಿ ನನ್ನನ್ನು ನೋಡಿದಳು, ಅಳಿಯನನ್ನು ನೋಡಿದಳು, ನಿಧಾನವಾಗಿ ಕಂಬ ಹಿಡಿದು ಎದ್ದಳು. ಮೊರದಿಂದ ಕಾಯಿ, ಬೆಲ್ಲ, ಕಣ ತೆಗೆದು ಪಕ್ಕಕ್ಕಿಟ್ಟಳು. ಅಕ್ಕಿ ಮಾತ್ರ ಉಳಿದ ಮೊರವನ್ನು ಅವ್ವನ ಕೈಗೆ ಕೊಟ್ಟಳು.

“ಎಸರಿಗೆ ಆಕವ್ವ ಇದ್ನ. ದೂರದಿಂದ ಬಂದವ್ರೆ, ಉಂಡ್ಕೊಂಡು ಓಗ್ಲಿ.”

ಬೋರೇಗೌಡರು ಮುಖ ಕೆಂಪಗೆ ಮಾಡಿಕೊಂಡು ಏನೇನೋ ಅಂದರು. ಅಪ್ಪ ಅಜ್ಜಿಗೆ ಕೈ ಮುಗಿಯುವುದೊಂದು ಬಾಕಿ, ಜನ ಏನಂತಾರೆ ಎಂದು ಅಂಗಲಾಚಿದ. ಅವ್ವ ಮಾತ್ರ ಒಲೆಗೆ ಸೌದೆ ಒಟ್ಟಿದಳು. ಬಂದವರು ಉಣ್ಣದೆ ಎದ್ದು ಹೋದರು. ಮಡಿಲಕ್ಕಿಯ ಅನ್ನವನ್ನು ಅವತ್ತು ನಾವೇ ಉಂಡೆವು. ಗೆದ್ದೆವೆಂದು ಯಾರಿಗೂ ಅನ್ನಿಸಲಿಲ್ಲ. ಅಪ್ಪ ಮುಖ ಎತ್ತಲಿಲ್ಲ, ಅತ್ತೆ ಅನ್ನವನ್ನು ಕಲಸುತ್ತಲೇ ಕೂತಿದ್ದಳು. ಮುಂದೆ ವರ್ಷಗಟ್ಟಲೆ ಊರಿನವರ ಪ್ರಶ್ನೆಗಳಿಗೆ ಹೆದರಿ ನಾವು ಮದುವೆ ಮನೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತದ್ದೂ ಉಂಟು.

ಆ ಸಂಜೆ ಹಾಲು ಹಾಕಿ ಬಂದು ಎಲ್ಲರೂ ಊಟಕ್ಕೆ ಕೂತಾಗ ನನಗೆ ಇನ್ನೊಂದು ದಿಗಿಲು. ಕತೆ ಅರ್ಧಕ್ಕೇ ನಿಂತಿತ್ತು, ಮಾವನೂ ಬೋರೇಗೌಡರೂ ಇನ್ನೂ ದಾರಿಯಲ್ಲಿರಬಹುದು. ಅವರಾದರೂ ಮನೆ ಸೇರಬೇಕಲ್ಲ. ನಾನು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯೇ ಕೇಳಿದಳು.

“ಎಲ್ಲಿಗೆ ಬಂದಿತ್ತಮ್ಮಿ ಕತೆ?”

“ಬಾಗಿಲತ್ರ ನಿಂತವ್ಳೆ,” ಅಂದೆ.

ಅಜ್ಜಿ ಕಂಬಕ್ಕೆ ಒರಗಿದಳು. ಬಾಯೊಳಗೆ ಎಲೆಯನ್ನು ಆ ಕಡೆಯಿಂದ ಈ ಕಡೆಗೆ ಹೊರಳಿಸಿದಳು.

“ಒಳಿಕ್ಕೆ ಬಾ ಮಗ್ಳೆ ಅಂದ್ಲು ಅವರವ್ವ,” ಅಂದಳು. “ಅವ್ಳು ಒಳಿಕ್ಕೆ ಬಂದ್ಲು.”

“ಊಂ,” ಅಂದಳು ಅತ್ತೆ.

ಮುಂದಿನ ಮಾತಿಗಾಗಿ ನಾವೆಲ್ಲ ಕಾದೆವು. ಅಜ್ಜಿಯ ಮುಖ ನೋಡಿದರೆ ಅವಳ ಹತ್ತಿರ ಮುಂದಿನ ಮಾತು ಇರಲಿಲ್ಲ. ಅವಳ ಅವ್ವ ಹೇಳಿರಲಿಲ್ಲ, ಅವಳ ಅವ್ವನ ಅವ್ವನೂ ಹೇಳಿರಲಿಲ್ಲ.

“ಆಮೇಕೆ ನಂಗೊತ್ತಿಲ್ಲ ಕಣ್ ಸಣ್ಣಿ,” ಅಂದಳು. “ನೀನೇ ಏಳು.”

ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಏನು ಹೇಳಬೇಕೋ ಅವಳಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

“ಒಳಿಕ್ಕೆ ಬಂದು ಕಾಲು ತೊಳ್ಕೊಂಡ್ಲು,” ಅಂದಳು.

“ಊಂ,” ಅಂದಳು ಅಜ್ಜಿ.